ನಲವತ್ತೆಂಟು ಚುಕ್ಕೆಗಳು ಮತ್ತು ಒಬ್ಬ ಗಣಿತದ ಮಾಸ್ಟ್ರು

ಗ್ರಾಫ್ ಓದುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ಕಳೆದ ಓಣಂ ರಜೆಯ ಮೊದಲ ದಿನ ಬೆಳಿಗ್ಗೆ ಹತ್ತು ಗಂಟೆಯವರೆಗೂ ನಾನು ನಂಬಿದ್ದೆ. ನಂಬದಿರಲು ಕಾರಣವೂ ಇರಲಿಲ್ಲ. ಪೆರ್ಲದ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಗಣಿತ ಕಲಿಸುತ್ತಿದ್ದೇನೆ. ಬೋರ್ಡಿನ ಮೇಲೆ ನಾನು ಎಳೆದ ಗ್ರಾಫುಗಳನ್ನು ಒಂದರ ಮುಂದೆ ಒಂದು ಇಟ್ಟರೆ ಹೊಸಂಗಡಿಯಿಂದ ಕಾಸರಗೋಡಿನವರೆಗೆ ಸುಲಭವಾಗಿ ಮುಟ್ಟುತ್ತವೆ. ಅಂಕಿಯಿಂದ ಗ್ರಾಫ್ ಮಾಡಲು ಬರುವವನಿಗೆ ಗ್ರಾಫಿನಿಂದ ಅಂಕಿ ತೆಗೆಯಲು ಬಾರದೆ? ಇಡ್ಲಿ ಮಾಡಿದವನಿಗೆ ಇಡ್ಲಿ ತಿನ್ನಲು ಬಾರದೆ?

ಕೆಲಸ ನನ್ನದಲ್ಲ, ನನ್ನ ಹೆಂಡತಿ ಜಯಂತಿಯದು. ಅವಳು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾಳೆ. ಜೊತೆಗೆ ನಾಲ್ಕು ವರ್ಷಗಳಿಂದ ಪಿಎಚ್.ಡಿ. ಮಾಡುತ್ತಿದ್ದಾಳೆ. ಶಿರಿಯ ಹೊಳೆ ಸಮುದ್ರಕ್ಕೆ ಸೇರುವ ಅಳಿವೆಯಲ್ಲಿ ಕೆಸರಿನೊಳಗೆ ಬೇರೂರಿ ನಿಲ್ಲುವ ಕಾಂಡ್ಲಾ ಗಿಡಗಳೇ ಅವಳ ವಿಷಯ. ಆ ಗಿಡಗಳಿಗೂ ನೀರಿನ ಉಪ್ಪಿಗೂ ಹತ್ತಿರದ ಸಂಬಂಧವಂತೆ. ಅದಕ್ಕಾಗಿ ಎರಡು ವರ್ಷ ಪ್ರತಿ ತಿಂಗಳೂ ಅವಳು ಅಳಿವೆಗೆ ಹೋಗಿ, ಸಮುದ್ರ ಉಕ್ಕಿ ಬರುವ ಭರತದ ಹೊತ್ತಿಗೆ ಒಂದು ಬಾಟಲಿ, ಹಿಂದೆ ಸರಿಯುವ ಇಳಿತದ ಹೊತ್ತಿಗೆ ಒಂದು ಬಾಟಲಿ ನೀರು ತುಂಬಿ ತಂದು ಉಪ್ಪಿನಂಶ ಅಳೆದಿದ್ದಾಳೆ. ಸ್ಕೂಟರ್ ಓಡಿಸಿದವನು, ಕೊಡೆ ಹಿಡಿದವನು, ಬಾಟಲಿಗೆ ಚೀಟಿ ಅಂಟಿಸಿದವನು ನಾನು. ಹಾಗಾಗಿ ಈ ಸಂಶೋಧನೆಯಲ್ಲಿ ನನಗೂ ಒಂದು ಪಾಲಿದೆ ಎಂಬ ಭಾವನೆ ಒಳಗೊಳಗೇ ಬೆಳೆದಿತ್ತು. ಎಲ್ಲ ಅನಾಹುತಕ್ಕೂ ಮೂಲ ಆ ಭಾವನೆ.

ಕೊನೆಯ ಅಧ್ಯಾಯಕ್ಕೆ ಒಂದು ವಿಷಯ ಬಾಕಿ ಇತ್ತು. ಎಷ್ಟೋ ವರ್ಷಗಳ ಹಿಂದೆ ಒಬ್ಬ ಪ್ರೊಫೆಸರರು ಅದೇ ಅಳಿವೆಯಲ್ಲಿ, ಅದೇ ರೀತಿ ಎರಡು ವರ್ಷ ಉಪ್ಪು ಅಳೆದಿದ್ದರು. ಅವರು ಈಗ ಇಲ್ಲ. ಅವರ ನೋಟುಪುಸ್ತಕಗಳು ಎಲ್ಲಿ ಹೋದವೆಂದು ಯಾರಿಗೂ ಗೊತ್ತಿಲ್ಲ. ಉಳಿದಿರುವುದು ಯಾವುದೋ ಹಳೆಯ ಪತ್ರಿಕೆಯಲ್ಲಿ ಅಚ್ಚಾದ ಅವರ ಲೇಖನ, ಅದರಲ್ಲಿ ಒಂದು ಗ್ರಾಫ್. ಆ ಗ್ರಾಫಿನ ಪುಟದ ಜೆರಾಕ್ಸನ್ನು ಜಯಂತಿಯ ಗೈಡ್ ಮೇಡಂ ಯಾರಿಂದಲೋ ಸಂಪಾದಿಸಿ ಕೊಟ್ಟಿದ್ದರು. ಅದರಿಂದ ಅಂಕಿ ತೆಗೆದು ತನ್ನ ಅಂಕಿಗಳ ಪಕ್ಕದಲ್ಲಿಟ್ಟರೆ ಅಂದಿನ ಅಳಿವೆಗೂ ಇಂದಿನ ಅಳಿವೆಗೂ ಏನು ವ್ಯತ್ಯಾಸ ಎಂದು ಹೇಳಬಹುದು. ಓಣಂ ರಜೆ ಮುಗಿದ ಮರುದಿನವೇ ತಜ್ಞರ ಸಮಿತಿಯ ಮುಂದೆ ಅವಳು ಎಲ್ಲವನ್ನೂ ಮಂಡಿಸಬೇಕು. ಅವರು ಒಪ್ಪಿದರೆ ಪ್ರಬಂಧ ಸಲ್ಲಿಸಬಹುದು. ಒಪ್ಪದಿದ್ದರೆ ಇನ್ನಷ್ಟು ತಿಂಗಳು.

ಕಾಲೇಜಿನಲ್ಲಿ ಉತ್ತರಪತ್ರಿಕೆಗಳ ರಾಶಿ ಬಿದ್ದದ್ದರಿಂದ ತನಗೆ ಪುರಸೊತ್ತಿಲ್ಲ, ತನ್ನ ಲ್ಯಾಬಿನಲ್ಲಿ ಇಂಥ ಕೆಲಸ ಬಲ್ಲವರಿದ್ದಾರೆ, ಅವರಿಗೆ ಕೊಡುತ್ತೇನೆ ಎಂದಳು. ನನಗೆ ಅವಮಾನವಾಯಿತು. ಮನೆಯೊಳಗೆ ಒಬ್ಬ ಗಣಿತದ ಮಾಸ್ಟ್ರು ಉಸಿರಾಡುತ್ತಿರುವಾಗ ಗ್ರಾಫ್ ಹೊರಗೆ ಹೋಗುವುದೆ!

"ಎರಡು ಗಂಟೆಯ ಕೆಲಸ, ಕೊಡು ಇಲ್ಲಿ" ಎಂದೆ.

ಅವಳು ಕಾಗದವನ್ನು ಕೊಟ್ಟಳು. ಕೊಡುವಾಗ ಕೈ ಸ್ವಲ್ಪ ಹಿಂದಕ್ಕೆ ಎಳೆದಂತೆ ಕಂಡಿತು. ನಾನು ಗಮನಿಸದವನ ಹಾಗೆ ಇದ್ದೆ.

ಗ್ರಾಫ್ ನೋಡಿದ ಮೇಲೆ ಎರಡು ಗಂಟೆಯೂ ಬೇಡ ಅನಿಸಿತು. ಅಡ್ಡಕ್ಕೆ ಇಪ್ಪತ್ತನಾಲ್ಕು ತಿಂಗಳು. ಉದ್ದಕ್ಕೆ ಸೊನ್ನೆಯಿಂದ ನಲವತ್ತರವರೆಗೆ ಉಪ್ಪು. ಎರಡು ಗೆರೆ, ಒಂದು ಭರತದ್ದು, ಇನ್ನೊಂದು ಇಳಿತದ್ದು. ಒಟ್ಟು ನಲವತ್ತೆಂಟು ಚುಕ್ಕೆಗಳು. ಪ್ರತಿ ಚುಕ್ಕೆ ಎಷ್ಟು ಎತ್ತರದಲ್ಲಿದೆ ಎಂದು ಸ್ಕೇಲಿನಿಂದ ಅಳೆಯುವುದು, ಭಾಗಿಸುವುದು, ಬರೆಯುವುದು. ಮೊದಲು ನಾನು ಉದ್ದದ ಅಕ್ಷವನ್ನು ಅಳೆದೆ. ಹತ್ತು ಅಂಶ ಉಪ್ಪಿಗೆ ಇಪ್ಪತ್ತು ಮಿಲಿಮೀಟರ್. ಅದನ್ನು ಕಾಗದದ ಅಂಚಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ.

ಆದರೆ ಚುಕ್ಕೆಗಳು ಸಾಸಿವೆಗಿಂತ ಸಣ್ಣವು. ನಲವತ್ತೊಂಬತ್ತು ದಾಟಿದ ನನ್ನ ಕಣ್ಣಿಗೆ ಅವು ಒಮ್ಮೆ ಒಂದಾಗಿ, ಒಮ್ಮೆ ಎರಡಾಗಿ ಕಾಣುತ್ತಿದ್ದವು. ಹತ್ತು ನಿಮಿಷ ಕೂತೆ, ಎದ್ದು ಗೇಟಿನವರೆಗೆ ಹೋಗಿ ಬಂದೆ. ಮತ್ತೆ ಕೂತೆ, ಎದ್ದು ಚಾ ಮಾಡಿದೆ. ಯಾವ ಕೆಲಸವಾದರೂ ಕೂಡಲೇ ಮುಗಿಯದಿದ್ದರೆ ನನ್ನ ಕಾಲುಗಳಿಗೆ ಒಂದು ತರಹದ ತುರಿಕೆ ಶುರುವಾಗುತ್ತದೆ. ಮೂರನೆಯ ಸಲ ಎದ್ದವನು ಸೀದಾ ಹೊಸಂಗಡಿಗೆ ಹೋದೆ.

ಹೊಸಂಗಡಿಯಲ್ಲಿ ನಮಗೆಲ್ಲ ಬೇಕಾದ ಜೆರಾಕ್ಸ್ ಅಂಗಡಿ ಹಮೀದಿಚ್ಚನದು. ನನಗಿಂತ ಹತ್ತು ವರ್ಷ ಹಿರಿಯರು, ಮಾತು ಕಡಿಮೆ. ಗ್ರಾಫನ್ನು ದೊಡ್ಡ ಕಾಗದಕ್ಕೆ ಹಿಗ್ಗಿಸಿ ಕೊಡಿ ಎಂದೆ. ಕೊಟ್ಟರು. ಚುಕ್ಕೆಗಳು ಈಗ ಕಡಲೆಕಾಳಿನ ಹಾಗೆ ಎದ್ದು ನಿಂತಿದ್ದವು. ನಾನು ಜಯಶಾಲಿಯಂತೆ ಮನೆಗೆ ಬಂದು, ಮೇಜಿನ ಮೇಲೆ ಕಾಗದ ಹರಡಿ, ನಾಲ್ಕು ಮೂಲೆಗೆ ನಾಲ್ಕು ಡಬ್ಬಿ ಇಟ್ಟು, ಒಂದೊಂದೇ ಚುಕ್ಕೆಯ ಎತ್ತರ ಅಳೆದು ಸಂಜೆಯೊಳಗೆ ಪಟ್ಟಿ ಮುಗಿಸಿದೆ.

ಒಂದು ಸಣ್ಣ ತೊಡಕು ಬಂದಿತ್ತು. ಇಳಿತದ ಗೆರೆಯಲ್ಲಿ ಇಪ್ಪತ್ತನಾಲ್ಕು ಚುಕ್ಕೆ ಸರಿಯಾಗಿ ಸಿಕ್ಕಿದವು. ಭರತದ ಗೆರೆಯಲ್ಲಿ ಇಪ್ಪತ್ತೈದು. ಮೂರು ಸಲ ಎಣಿಸಿದೆ. ಇಪ್ಪತ್ತೈದೇ. ಎರಡು ವರ್ಷಕ್ಕೆ ಇಪ್ಪತ್ತೈದು ತಿಂಗಳು ಹೇಗೆ? ಯೋಚಿಸುತ್ತಾ ಅಂಗಳದಲ್ಲಿ ಎಂಟು ಸುತ್ತು ಹಾಕಿದೆ. ಒಂಬತ್ತನೆಯ ಸುತ್ತಿನಲ್ಲಿ ಹೊಳೆಯಿತು. ಅಧಿಕ ಮಾಸ! ಹಳೆಯ ಕಾಲದ ಪ್ರೊಫೆಸರರು, ಸಂಪ್ರದಾಯಸ್ಥರಿರಬಹುದು. ಪಟ್ಟಿಯಲ್ಲಿ ಆ ಚುಕ್ಕೆಯ ಎದುರು ಅಚ್ಚುಕಟ್ಟಾಗಿ 'ಅಧಿಕ' ಎಂದು ಬರೆದೆ.

ಸಂಜೆ ಜಯಂತಿ ಬಂದು, ಕಾಲು ತೊಳೆದು, ಪಟ್ಟಿಯನ್ನು ಕೈಗೆತ್ತಿಕೊಂಡಳು. ಬಹಳ ಹೊತ್ತು ಮಾತಾಡಲಿಲ್ಲ. ಮೆಚ್ಚುಗೆಯಿಂದ ಮೂಕಳಾಗಿದ್ದಾಳೆ ಎಂದುಕೊಂಡೆ.

"ಸಮುದ್ರದ ನೀರಿನಲ್ಲಿ ಸಾವಿರಕ್ಕೆ ಮೂವತ್ತೈದು ಪಾಲು ಉಪ್ಪು ಇರ್ತದೆ" ಎಂದಳು. "ನಿಮ್ಮ ಶಿರಿಯ ಹೊಳೆಯಲ್ಲಿ ನಲವತ್ತೆಂಟು ಉಂಟು. ಆಗ ಮೀನು ಹಿಡಿದದ್ದೇ ಒಣಮೀನಾಗಿ ಬರ್ತಿತ್ತೋ ಎಂತ?"

ಆ ಕಾಲದಲ್ಲಿ ಉಪ್ಪು ಜಾಸ್ತಿ ಇದ್ದಿರಬಹುದು, ಈಗ ಎಲ್ಲದರಲ್ಲೂ ಸತ್ವ ಕಡಿಮೆಯಾಗಿದೆ ಎಂದು ನಾನು ವಿವರಿಸಲು ಹೊರಟೆ. ಅವಳು, ಸಣ್ಣ ಕಾಗದದ ಅಂಚಿನಲ್ಲಿ ನಾನು ಬರೆದಿದ್ದ 'ಹತ್ತಕ್ಕೆ ಇಪ್ಪತ್ತು ಮಿ.ಮೀ.' ಎಂಬುದನ್ನು ನೋಡಿ, ಸ್ಕೇಲ್ ತೆಗೆದು ದೊಡ್ಡ ಕಾಗದದ ಅಕ್ಷವನ್ನು ಅಳೆದಳು. ಇಪ್ಪತ್ತೆಂಟು. ನಾನು ಅಳತೆಯ ಪ್ರಮಾಣವನ್ನು ಸಣ್ಣ ಕಾಗದದಿಂದ ತೆಗೆದುಕೊಂಡು ಚುಕ್ಕೆಗಳನ್ನು ದೊಡ್ಡ ಕಾಗದದಲ್ಲಿ ಅಳೆದಿದ್ದೆ. ಎಂಟನೆಯ ತರಗತಿಯ ಮಕ್ಕಳು ಇಂಥದ್ದು ಮಾಡಿದರೆ ನಾನು ಕೆಂಪು ಶಾಯಿಯಲ್ಲಿ ಬರೆಯುವ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

"ಮತ್ತೆ ಇದೆಂತ, ಅಧಿಕ?"

ಹೇಳಿದೆ. ಹೇಳುತ್ತಿದ್ದ ಹಾಗೆ ನನ್ನ ದನಿ ತಾನಾಗಿಯೇ ಇಳಿಯುತ್ತಾ ಹೋಯಿತು.

"ಜನವರಿ ಫೆಬ್ರವರಿಯ ಲೆಕ್ಕದಲ್ಲಿ ಅಧಿಕ ಮಾಸ ಯಾವಾಗ ಬಂದದ್ದು ಮಾರಾಯ್ರೆ?"

ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲೇ ನಾನು ಹಮೀದಿಚ್ಚನ ಮೆಟ್ಟಿಲ ಮೇಲೆ ನಿಂತಿದ್ದೆ. ಸಣ್ಣ ಕಾಗದದಲ್ಲಿ ಇಲ್ಲದ ಚುಕ್ಕೆ ದೊಡ್ಡ ಕಾಗದದಲ್ಲಿ ಹೇಗೆ ಬಂತೆಂದು ಕೇಳಿದೆ. ಅವರು ಯಂತ್ರದ ಮುಚ್ಚಳ ಎತ್ತಿ, ಗಾಜಿನ ಮೇಲೆ ಬೆರಳಿಟ್ಟು ತೋರಿಸಿದರು. ಅಲ್ಲಿ ಒಂದು ನೊಣದ ಗುರುತು, ಒಣಗಿ ಅಂಟಿಕೊಂಡಿತ್ತು.

"ಈ ಚುಕ್ಕೆ ಎಲ್ಲರ ಕಾಪಿಯಲ್ಲಿಯೂ ಬರ್ತದೆ ಮಾಸ್ಟ್ರೆ. ಆಧಾರಿನಲ್ಲಿ ಉಂಟು, ರೇಶನ್ ಕಾರ್ಡಿನಲ್ಲಿ ಉಂಟು. ಅದಕ್ಕೆ ತಿಂಗಳ ಹೆಸರು ಇಟ್ಟದ್ದು ನೀವು ಒಬ್ಬರೇ."

ಇಷ್ಟಾದ ಮೇಲೆ ಬುದ್ಧಿ ಇರುವ ಮನುಷ್ಯ ಕಾಗದವನ್ನು ಹೆಂಡತಿಯ ಕೈಗೆ ಮರಳಿ ಕೊಟ್ಟು, ಲ್ಯಾಬಿನವರಿಗೆ ಕೊಡು ಎನ್ನುತ್ತಾನೆ. ಜಯಂತಿ ಅದನ್ನೇ ಹೇಳಿದಳು. ನಾನು ಒಪ್ಪಲಿಲ್ಲ. ತಪ್ಪು ನನ್ನದಲ್ಲ, ಸ್ಕೇಲಿನದು, ಕೈಯಿಂದ ಅಳೆಯುವ ಕಾಲ ಹೋಯಿತು, ಇನ್ನು ಕಂಪ್ಯೂಟರಿನಲ್ಲಿ ಮಾಡುತ್ತೇನೆ ಎಂದು ಘೋಷಿಸಿದೆ. ಗ್ರಾಫಿನ ಚಿತ್ರ ಹಾಕಿದರೆ ಅಂಕಿ ತೆಗೆದು ಕೊಡುವ ಪ್ರೋಗ್ರಾಮುಗಳು ಪುಕ್ಕಟೆ ಸಿಗುತ್ತವೆ ಎಂದು ನನಗೆ ಅಂದು ಬೆಳಿಗ್ಗೆಯಷ್ಟೇ ಗೊತ್ತಾಗಿತ್ತು. ಆದರೆ ಹುಟ್ಟಿನಿಂದ ಗೊತ್ತಿದ್ದವನ ಹಾಗೆ ಮಾತಾಡಿದೆ.

ಪ್ರೋಗ್ರಾಂ ಇಳಿಸಿಕೊಂಡೆ. ಅದರ ಕ್ರಮ ಸರಳ. ಮೊದಲು ಎರಡೂ ಅಕ್ಷಗಳ ಮೇಲೆ ಎರಡೆರಡು ಜಾಗ ಒತ್ತಿ, ಇದು ಸೊನ್ನೆ, ಇದು ನಲವತ್ತು ಎಂದು ಹೇಳಿಕೊಡಬೇಕು. ಆಮೇಲೆ ಚುಕ್ಕೆಗಳ ಮೇಲೆ ಒತ್ತುತ್ತಾ ಹೋದರೆ ಅದು ಅಂಕಿ ಬರೆಯುತ್ತಾ ಬರುತ್ತದೆ. ಅಥವಾ 'ಸ್ವಯಂಚಾಲಿತ' ಎಂಬ ಗುಂಡಿ ಒತ್ತಿದರೆ ಅದೇ ಹುಡುಕಿಕೊಳ್ಳುತ್ತದೆ. ಒತ್ತುವುದೇ ಬೇಡ ಎನ್ನುವ ವ್ಯವಸ್ಥೆ ಇರುವಾಗ ಒತ್ತುವುದು ಯಾಕೆ? ಗುಂಡಿ ಒತ್ತಿದೆ. ಯಂತ್ರ ಗಳಿಗೆಯಲ್ಲಿ ಸಾವಿರದ ಎಂಟುನೂರು ಚಿಲ್ಲರೆ ಚುಕ್ಕೆಗಳನ್ನು ಕಂಡುಹಿಡಿಯಿತು. ಗೆರೆಗಳು, ಅಕ್ಷಗಳು, ತಿಂಗಳ ಅಕ್ಷರಗಳು, ಪುಟಸಂಖ್ಯೆ, ಯಾವುದನ್ನೂ ಬಿಡದೆ ಎಲ್ಲದರಲ್ಲೂ ಉಪ್ಪು ಎಷ್ಟಿದೆ ಎಂದು ಹೇಳಿತು.

ಕೊನೆಗೆ ಕೈಯಿಂದಲೇ ಒತ್ತುವುದೆಂದು ತೀರ್ಮಾನಿಸಿದೆ. ಇಲ್ಲಿ ನಿಜವಾದ ಕಷ್ಟ ಎದುರಾಯಿತು. ಮೂಲದಲ್ಲಿ ಭರತಕ್ಕೆ ತುಂಬಿದ ಚುಕ್ಕೆ, ಇಳಿತಕ್ಕೆ ಟೊಳ್ಳು ಚುಕ್ಕೆ ಇತ್ತಂತೆ. ಕೆಳಗಿನ ಸಾಲಿನಲ್ಲಿ ಹಾಗೆಂದು ಬರೆದಿತ್ತು. ಆದರೆ ಜೆರಾಕ್ಸಿನ ಜೆರಾಕ್ಸಿನ ಜೆರಾಕ್ಸಿನಲ್ಲಿ ಟೊಳ್ಳುಗಳೆಲ್ಲ ತುಂಬಿಹೋಗಿದ್ದವು. ಎಲ್ಲವೂ ಕಪ್ಪು. ಮಳೆಗಾಲದ ತಿಂಗಳುಗಳಲ್ಲಿ ಹೊಳೆಯಲ್ಲಿ ಬರೀ ಸಿಹಿನೀರು, ಭರತಕ್ಕೂ ಇಳಿತಕ್ಕೂ ಉಪ್ಪಿಲ್ಲ. ಆಗ ಎರಡೂ ಗೆರೆ ಕೆಳಗೆ ಇಳಿದು ಒಂದರ ಮೇಲೊಂದು ಬೀಳುತ್ತವೆ. ಮಳೆ ಬಿಟ್ಟ ಮೇಲೆ ಮತ್ತೆ ಬೇರೆಯಾಗಿ ಏರುತ್ತವೆ. ಬೇರೆಯಾದ ಮೇಲೆ ಯಾವುದು ಯಾವುದು?

ಸಾಮಾನ್ಯ ಮನುಷ್ಯ ಏನು ಮಾಡುತ್ತಾನೆ? ಭರತವೆಂದರೆ ಸಮುದ್ರ ಒಳಗೆ ಬರುವ ಹೊತ್ತು, ಆಗ ಉಪ್ಪು ಹೆಚ್ಚು, ಮೇಲಿರುವ ಗೆರೆಯೇ ಭರತ ಎನ್ನುತ್ತಾನೆ. ಶಿರಿಯದ ಮೀನುಗಾರರ ಮನೆಯ ಐದು ವರ್ಷದ ಮಗುವೂ ಇದನ್ನು ಹೇಳುತ್ತದೆ. ನಾನು ಸಾಮಾನ್ಯನಲ್ಲ, ಗಣಿತದವನು. ಗೆರೆಗಳು ಬಂದ ದಿಕ್ಕಿನಲ್ಲೇ ಮುಂದುವರಿಯಬೇಕು ಎಂಬ ತತ್ವವನ್ನು ಹಿಡಿದೆ. ಮೇಲಿಂದ ಇಳಿದು ಬಂದ ಗೆರೆ ಇನ್ನೊಂದನ್ನು ದಾಟಿ ಕೆಳಗೆ ಹೋಗಿರಬೇಕು. ಕೆಳಗಿದ್ದದ್ದು ಮೇಲೆ ಬಂದಿರಬೇಕು. ಕಾಗದದ ಮೇಲೆ ಭರತಕ್ಕೆ ಕೆಂಪು ಪೆನ್ಸಿಲ್, ಇಳಿತಕ್ಕೆ ನೀಲಿ ಪೆನ್ಸಿಲ್ ಹಿಡಿದು ಗೆರೆಗಳ ಮೇಲೆ ಎಳೆದೆ. ಮೊದಲ ಮಳೆಗಾಲದಲ್ಲಿ ಕೆಂಪು ಕೆಳಗಾಯಿತು, ನೀಲಿ ಮೇಲಾಯಿತು. ಎರಡನೆಯ ಮಳೆಗಾಲದಲ್ಲಿ ಮತ್ತೆ ಅದಲುಬದಲು. ನೋಡಲು ಜಡೆ ಹೆಣೆದಷ್ಟು ಚೆಂದ. ಅದೇ ಕ್ರಮದಲ್ಲಿ ಚುಕ್ಕೆಗಳನ್ನು ಒತ್ತಿದೆ.

ಪ್ರೋಗ್ರಾಂ ಕೊಟ್ಟ ಅಂಕಿಗಳನ್ನು ನೋಡಿ ನನ್ನ ರೋಮ ನಿಂತಿತು. ಒಂದೊಂದಕ್ಕೂ ಆರು ದಶಮಾಂಶ ಸ್ಥಾನ! ಹದಿನೇಳು ದಶಮಾಂಶ ಮೂರು ಎಂಟು ನಾಲ್ಕು ಆರು ಎರಡು ಒಂಬತ್ತು. ನೀರನ್ನು ಸ್ವತಃ ಅಳೆದ ಪ್ರೊಫೆಸರರಿಗೂ ಇಷ್ಟು ನಿಖರವಾಗಿ ಗೊತ್ತಿದ್ದಿರಲಾರದು. ಆರು ದಶಮಾಂಶ ಇರುವಲ್ಲಿ ತಪ್ಪು ಹೇಗೆ ನುಸುಳುತ್ತದೆ?

ಜಯಂತಿ ಪರಿಶೀಲಿಸಿದಳೆ? ಪರಿಶೀಲಿಸಿದಳು. ಅತಿ ಹೆಚ್ಚು ಎಷ್ಟು ಎಂದು ನೋಡಿದಳು, ಮೂವತ್ತನಾಲ್ಕು. ಅತಿ ಕಡಿಮೆ ಎಷ್ಟು, ಸೊನ್ನೆಯ ಹತ್ತಿರ. ಚುಕ್ಕೆ ಎಷ್ಟು, ನಲವತ್ತೆಂಟು. ಅಧಿಕ ಮಾಸ ಇಲ್ಲ. ಸರಿ ಎಂದಳು. ಭರತದ ಸರಾಸರಿ, ಇಳಿತದ ಸರಾಸರಿ ತೆಗೆದು ತನ್ನ ಅಂಕಿಗಳ ಪಕ್ಕ ಇಟ್ಟಳು. ಅವಳ ಕಣ್ಣು ಅರಳಿತು. ಇಂದು ಭರತಕ್ಕೂ ಇಳಿತಕ್ಕೂ ಉಪ್ಪಿನಲ್ಲಿ ದೊಡ್ಡ ಅಂತರ ಇದೆ. ಅಂದಿನ ಅಂಕಿಗಳಲ್ಲಿ ಆ ಅಂತರ ಬಹಳ ಕಡಿಮೆ ಕಂಡಿತು. ಅಂದರೆ ಅಳಿವೆಯ ಬಾಯಿಯೇ ಬದಲಾಗಿದೆ, ಅದಕ್ಕೇ ಕಾಂಡ್ಲಾ ಗಿಡಗಳು ದಡ ಬದಲಿಸಿವೆ! ಪ್ರಬಂಧಕ್ಕೆ ಇಂಥ ಒಂದು ತೀರ್ಮಾನ ಸಿಗುತ್ತದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಗೈಡ್ ಮೇಡಂ ಫೋನಿನಲ್ಲೇ ಅಭಿನಂದಿಸಿದರು. ಆ ಇಡೀ ವಾರ ನನಗೆ ಊಟಕ್ಕೆ ಎರಡು ಬಗೆಯ ಪಲ್ಯ.

ಆದರೂ ನನಗೆ ನೆಮ್ಮದಿ ಇರಲಿಲ್ಲ. ಯಾಕೆಂದು ಆಗ ತಿಳಿಯಲಿಲ್ಲ. ಕೂತಲ್ಲಿ ಕೂರಲಾಗದೆ ಕಂಪ್ಯೂಟರ್ ತೆರೆದು ಆ ಕೆಂಪು ನೀಲಿ ಜಡೆಯನ್ನು ನೋಡುವುದು, ಮುಚ್ಚುವುದು, ಸ್ಕೂಟರ್ ಒರೆಸುವುದು, ಮತ್ತೆ ತೆರೆಯುವುದು. ಜಯಂತಿ ಎಂತ ಆಯಿತು ಎಂದು ಕೇಳಿದರೆ ಸೆಕೆ ಎನ್ನುತ್ತಿದ್ದೆ. ಒಳಗಿನ ಯಾವುದೋ ಒಂದು ಮೂಲೆ ಬೆರಳು ಎತ್ತಿ ಏನೋ ಹೇಳಲು ನೋಡುತ್ತಿತ್ತು. ತರಗತಿಯಲ್ಲಿ ಹಿಂದಿನ ಬೆಂಚಿನವರು ಕೈ ಎತ್ತಿದರೆ ಮಾಡುವ ಹಾಗೆ, ನಾನು ಅದನ್ನು ಕೂರಿಸಿಬಿಟ್ಟೆ.

ಮಂಡನೆಯ ದಿನ ಅವಳು ಹಸಿರು ಅಂಚಿನ ಸೀರೆ ಉಟ್ಟಿದ್ದಳು. ನಾನು ಇಸ್ತ್ರಿ ಹಾಕಿದ ಅಂಗಿಯಲ್ಲಿ ಮೂರನೆಯ ಸಾಲಿನಲ್ಲಿ ಕೂತೆ. ಸಭಾಂಗಣದಲ್ಲಿ ಮೂವತ್ತು ನಲವತ್ತು ಜನ. ಎದುರಿಗೆ ಸಮಿತಿ, ಅದರ ಅಧ್ಯಕ್ಷರು ಅಳಿವೆಗಳ ಬಗ್ಗೆಯೇ ಆಯುಷ್ಯ ಕಳೆದ ನಿವೃತ್ತ ವಿಜ್ಞಾನಿ, ತೆಂಕಣ ಕೇರಳದವರು, ಮೆಲುದನಿಯವರು. ಜಯಂತಿ ಚೆನ್ನಾಗಿ ಮಾತಾಡಿದಳು. ನಾಲ್ಕು ವರ್ಷ ಕೆಸರಿನಲ್ಲಿ ನಿಂತವಳ ಮಾತು ಅದು, ಎಲ್ಲೂ ತಡವರಿಸಲಿಲ್ಲ. ಹಳೆಯ ಅಂಕಿಗಳ ತೀರ್ಮಾನಕ್ಕೆ ಬಂದಾಗ ಒಂದಿಬ್ಬರು ಬರೆದುಕೊಂಡರು. ನಾನು ಎದೆ ಮುಂದೆ ಮಾಡಿ ಅಕ್ಕಪಕ್ಕ ನೋಡಿದೆ.

ಅಧ್ಯಕ್ಷರು ಸರಾಸರಿ ಬೇಡ, ತಿಂಗಳ ಪಟ್ಟಿ ಇದ್ದರೆ ಅದನ್ನು ತೋರಿಸಿ ಎಂದರು. ಅವಳು ತೋರಿಸಿದಳು. ಪರದೆಯ ಮೇಲೆ ನನ್ನ ನಲವತ್ತೆಂಟು ಅಂಕಿಗಳು ಆರು ದಶಮಾಂಶ ಸಮೇತ ಮೂಡಿದವು. ಅವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ಓದಿದರು. ಆಮೇಲೆ ಬಹಳ ವಿನಯದಿಂದ ಒಂದು ಪ್ರಶ್ನೆ ಕೇಳಿದರು. ಈ ಹೊಳೆಯಲ್ಲಿ ಸಮುದ್ರ ಒಳಗೆ ಬಂದಾಗ ಉಪ್ಪು ಕಡಿಮೆಯಾಗಿ, ಸಮುದ್ರ ಹಿಂದೆ ಹೋದಾಗ ಹೆಚ್ಚಾಗುತ್ತದೆಯೆ? ಮೊದಲ ಮಳೆಗಾಲದಿಂದ ಎರಡನೆಯ ಮಳೆಗಾಲದವರೆಗೆ ಹಾಗೆ ಕಾಣುತ್ತಿದೆ, ಅದಕ್ಕೆ ಕೇಳಿದೆ ಎಂದರು.

ಜಯಂತಿ ಪರದೆಯ ಕಡೆ ತಿರುಗಿದಳು. ಅವಳ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಆ ಬೆನ್ನಿಗೆ ಎಲ್ಲ ಗೊತ್ತಾದದ್ದು ನನಗೆ ಗೊತ್ತಾಯಿತು. ಸುಮಾರು ಒಂಬತ್ತು ತಿಂಗಳು ಭರತ ಇಳಿತವಾಗಿ, ಇಳಿತ ಭರತವಾಗಿ, ಒಂದರ ಹೆಚ್ಚಳವನ್ನು ಇನ್ನೊಂದರ ಕೊರತೆ ತಿಂದುಹಾಕಿ ಸರಾಸರಿಯ ಅಂತರ ಮಾಯವಾಗಿತ್ತು. ಬದಲಾದದ್ದು ಅಳಿವೆಯ ಬಾಯಿ ಅಲ್ಲ, ನನ್ನ ಪೆನ್ಸಿಲು.

ಅವಳು ತಿರುಗಿ ನಿಂತಳು. ಗ್ರಾಫಿನಿಂದ ಅಂಕಿ ಓದುವಾಗ ತಪ್ಪಾಗಿದೆ, ಎರಡು ಗೆರೆಗಳು ಅದಲುಬದಲಾಗಿವೆ, ಹೊಣೆ ನನ್ನದು, ಸರಿಪಡಿಸಲು ಸಮಯ ಕೊಡಿ ಎಂದಳು. ಅಧ್ಯಕ್ಷರು ತಲೆಯಾಡಿಸಿದರು. ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ಮರ್ಯಾದೆಯಿಂದ ಮುಗಿಯುತ್ತಿತ್ತು.

ನಾನು ಎದ್ದು ನಿಂತೆ.

ಯಾಕೆ ನಿಂತೆ ಎಂದು ಇವತ್ತಿಗೂ ಹೇಳಲಾರೆ. ನನ್ನ ತಪ್ಪನ್ನು ಅವಳು ಹೊರುವುದನ್ನು ನೋಡಲಾಗಲಿಲ್ಲ ಎಂದರೆ ಕೇಳಲು ಚೆನ್ನಾಗಿರುತ್ತದೆ. ಕಾಲಿನ ತುರಿಕೆಯೇ ಕಾರಣ ಎಂದರೂ ಸುಳ್ಳಲ್ಲ.

"ಸರ್, ಆ ಅಂಕಿಗಳನ್ನು ತೆಗೆದದ್ದು ನಾನು" ಎಂದೆ.

ಸಭಾಂಗಣದಲ್ಲಿದ್ದ ಎಲ್ಲ ಕುರ್ಚಿಗಳೂ ಕಿರುಗುಟ್ಟಿದವು. ನೀವು ಯಾರು, ಲ್ಯಾಬಿನವರೆ ಎಂದು ಅಧ್ಯಕ್ಷರು ಕೇಳಿದರು. ಅಲ್ಲ, ಇವರ ಗಂಡ ಎಂದೆ. ಹಾಗಾದರೆ ನಿಮ್ಮ ವಿಷಯ ಯಾವುದು ಎಂದರು. ಗಣಿತ ಎಂದೆ.

ಜನ ನಕ್ಕರು. ಸಮಿತಿಯ ಒಬ್ಬರು ನಗಲಿಲ್ಲ. ಅವರು ಏನೋ ಬರೆದುಕೊಂಡರು. ಅದುವರೆಗೆ ಅದು ಸಂಶೋಧಕಿಯೊಬ್ಬಳ ಒಂದು ಸಾಮಾನ್ಯ ತಪ್ಪು. ಈಗ ಅದು ಸಂಶೋಧಕಿಯೊಬ್ಬಳು ತನ್ನ ಅಂಕಿಗಳನ್ನು ಗಂಡನಿಂದ ಮಾಡಿಸಿದ ಪ್ರಕರಣ! ಎರಡು ವಾರದೊಳಗೆ ಸರಿಯಾದ ಅಂಕಿಗಳನ್ನು, ಅವುಗಳನ್ನು ಹೇಗೆ ತೆಗೆದದ್ದು ಎಂಬ ವಿವರಣೆಯೊಂದಿಗೆ, ಸ್ವತಃ ತಾನೇ ತೆಗೆದದ್ದೆಂಬ ಹೇಳಿಕೆಯೊಂದಿಗೆ ಕೊಡಬೇಕು, ಇಲ್ಲವಾದರೆ ಆ ಅಧ್ಯಾಯವನ್ನೇ ಬಿಟ್ಟುಬಿಡಬೇಕು ಎಂದು ಸಮಿತಿ ಹೇಳಿತು.

ಹಿಂತಿರುಗಿ ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ, ನಾನು ಈಚೆ. ಕ್ಷಮಿಸು ಎಂದು ಹೇಳಲು ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಕಂಡಕ್ಟರ್ ಯಾವುದೋ ಊರಿನ ಹೆಸರು ಕೂಗಿದ. ಹೊಸಂಗಡಿಯಲ್ಲಿ ಇಳಿದು ಮನೆಯ ಕಡೆ ತಿರುಗುವಾಗ ಅವಳೇ ಮಾತಾಡಿದಳು.

"ತಪ್ಪು ಮಾಡಿದ್ದಕ್ಕೆ ನನಗೆ ಬೇಜಾರಿಲ್ಲ. ನಾನೂ ನೋಡ್ಬೇಕಿತ್ತು. ಆದ್ರೆ ನಾನು ನಿಂತದ್ದು ಸಾಕಿತ್ತು ಅಲ್ವ. ನೀವು ಯಾಕೆ ನಿಂತದ್ದು?"

ಎರಡು ವರ್ಷ ಕೊಡೆ ಹಿಡಿದವನಿಗೆ ಯಾವಾಗ ಕೊಡೆ ಮಡಚಬೇಕೆಂದು ಗೊತ್ತಿರಬೇಕಿತ್ತು.

ಮೂರು ದಿನ ಮನೆಯಲ್ಲಿ ಬೇಕಾದಷ್ಟೇ ಮಾತು. ಪಲ್ಯ ಒಂದಕ್ಕೆ ಇಳಿಯಿತು. ನಾಲ್ಕನೆಯ ದಿನ ಅವಳು ಅಲ್ಲಿ ಇಲ್ಲಿ ಫೋನ್ ಮಾಡಿ, ಪ್ರೊಫೆಸರರ ಲೇಖನ ಬಂದಿದ್ದ ಆ ಹಳೆಯ ಪತ್ರಿಕೆಯ ಮೂಲ ಸಂಪುಟ ಕಣ್ಣೂರಿನ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಇದೆ ಎಂದು ಪತ್ತೆಮಾಡಿದಳು. ಹೊರಗೆ ಕೊಡುವುದಿಲ್ಲ, ಅಲ್ಲೇ ಕೂತು ನೋಡಬೇಕು. ಶನಿವಾರ ಬೆಳಗಿನ ರೈಲಿನಲ್ಲಿ ಹೊರಟಳು. ನಾನೂ ಬರುತ್ತೇನೆ ಎಂದೆ. ಬೇಡ ಅನ್ನಲಿಲ್ಲ. ಅದನ್ನೇ ಒಪ್ಪಿಗೆ ಎಂದು ತಿಳಿದು ಭೂತಗನ್ನಡಿ, ಸ್ಟೀಲಿನ ಸ್ಕೇಲು, ಕೈವಾರ, ಎರಡು ಮೊನಚು ಪೆನ್ಸಿಲು, ಗ್ರಾಫ್ ಹಾಳೆ, ಲ್ಯಾಪ್‌ಟಾಪ್ ಚೀಲಕ್ಕೆ ತುಂಬಿದೆ.

ಗ್ರಂಥಪಾಲಕಿ ದಪ್ಪ ರಟ್ಟಿನ ಸಂಪುಟವನ್ನು ತಂದು ಮೇಜಿನ ಮೇಲಿಟ್ಟರು. ಗ್ರಾಫಿನ ಪುಟ ತೆರೆದಾಗ ನನಗೆ ಕಣ್ಣಿನ ಆಪರೇಷನ್ ಆದಷ್ಟು ಖುಷಿಯಾಯಿತು. ತುಂಬಿದ ಚುಕ್ಕೆ ತುಂಬಿದೆ, ಟೊಳ್ಳು ಚುಕ್ಕೆ ಟೊಳ್ಳಾಗಿದೆ. ಒಂದು ಗೆರೆ ಪೂರ್ತಿ, ಇನ್ನೊಂದು ತುಂಡು ತುಂಡು. ಮಳೆಗಾಲದಲ್ಲಿ ಎರಡೂ ಕೆಳಗೆ ಬಂದು ಮುಟ್ಟಿ, ತಮ್ಮ ತಮ್ಮ ದಾರಿಯಲ್ಲೇ ಮೇಲೆ ಹೋಗಿವೆ. ಹೆಣೆದುಕೊಂಡ ಜಡೆಯ ಸುಳಿವೂ ಇಲ್ಲ.

ನಾನು ಅಳೆಯುತ್ತೇನೆ, ನೀನೂ ಆಮೇಲೆ ಬೇರೆಯಾಗಿ ಅಳೆ, ಎರಡನ್ನೂ ಹೋಲಿಸಿ ನೋಡೋಣ, ಹೆಸರು ನಿನ್ನದೇ ಇರಲಿ ಎಂದೆ. ಅವಳು ಹೂಂ ಎಂದಳು. ನಾನು ಸಂಪುಟವನ್ನು ಎಳೆದುಕೊಂಡೆ. ಅಕ್ಷವನ್ನು ಈ ಪುಟದಲ್ಲೇ ಅಳೆದೆ, ಚುಕ್ಕೆಯನ್ನೂ ಈ ಪುಟದಲ್ಲೇ. ಪ್ರತಿಯೊಂದನ್ನೂ ಎರಡೆರಡು ಸಲ. ಉಸಿರು ಬಿಟ್ಟರೆ ಕೈವಾರ ಅಲುಗುತ್ತದೆಂದು ಉಸಿರು ಹಿಡಿದು. ಎದುರಿನ ಕುರ್ಚಿಯಲ್ಲಿ ಜಯಂತಿ ಕೈಕಟ್ಟಿ ಕೂತಿದ್ದಳು. ಅರ್ಧ ಗಂಟೆಯ ಮೇಲೆ, ಆ ಲೇಖನವನ್ನು ನಾನು ಇದುವರೆಗೆ ಪೂರ್ತಿ ಓದಿಲ್ಲ, ಸ್ವಲ್ಪ ಈಚೆ ಕೊಡಿ ಎಂದಳು. ಈಗ ಬೇಡ, ಪುಟ ಅಲುಗಿದರೆ ಎಲ್ಲ ಹಾಳು ಎಂದೆ. ಇನ್ನೊಂದು ಗಂಟೆಯ ಮೇಲೆ ಮತ್ತೆ ಕೇಳಿದಳು. ಇನ್ನು ಹದಿನೇಳೇ ಚುಕ್ಕೆ ಎಂದೆ. ಅವಳು ಎದ್ದು ಹೋಗಿ ನೀರು ಕುಡಿದು ಬಂದಳು. ಈ ಸಲ ನಾನು ಒಮ್ಮೆಯೂ ಏಳಲಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ಎರಡೂವರೆ ಗಂಟೆ ಒಂದೇ ಕುರ್ಚಿಯಲ್ಲಿ ಕೂತೆ.

ನಲವತ್ತೆಂಟನೆಯ ಅಂಕಿಯನ್ನು ಬರೆದು, ಪೆನ್ಸಿಲ್ ಕೆಳಗಿಟ್ಟು, ಸಂಪುಟವನ್ನು ಎರಡೂ ಕೈಯಿಂದ ಎತ್ತಿ ಅವಳ ಮುಂದೆ ಇಟ್ಟೆ. ಬೆನ್ನು ನೋಯುತ್ತಿತ್ತು, ಆದರೆ ಮನಸ್ಸು ಹಗುರವಾಗಿತ್ತು.

ಅವಳು ಗ್ರಾಫಿನ ಪುಟವನ್ನು ನೋಡಿದಳು. ಆಮೇಲೆ ಪುಟ ತಿರುಗಿಸಿದಳು. ತಿರುಗಿಸಿದ ಕೈ ಹಾಗೇ ನಿಂತಿತು. ಸಂಪುಟವನ್ನು ನನ್ನ ಕಡೆ ತಿರುಗಿಸಿ, ಒಂದು ಬೆರಳಿಟ್ಟಳು.

ಗ್ರಾಫ್ ಇದ್ದ ಹಾಳೆಯ ಹಿಂಬದಿಯಲ್ಲಿ ಒಂದು ಕೋಷ್ಟಕ ಇತ್ತು. ಎಡಕ್ಕೆ ತಿಂಗಳು, ನಡುವೆ ಭರತ, ಬಲಕ್ಕೆ ಇಳಿತ. ಇಪ್ಪತ್ತನಾಲ್ಕು ಸಾಲು, ನಲವತ್ತೆಂಟು ಅಂಕಿ. ಪ್ರೊಫೆಸರರು ಒಂದನ್ನೂ ಬಿಡದೆ ಅಚ್ಚುಹಾಕಿಸಿ ಹೋಗಿದ್ದರು. ಒಂದೇ ಒಂದು ದಶಮಾಂಶ ಸ್ಥಾನ. ಮೊದಲು ಜೆರಾಕ್ಸ್ ಮಾಡಿದ ಪುಣ್ಯಾತ್ಮರು ಯಾರೋ, ಕಾಗದ ಮಗುಚಿ ಹಾಕಿರಲಿಲ್ಲ.

ಜಯಂತಿ ನಗಲು ಶುರುಮಾಡಿದಳು. ಗ್ರಂಥಾಲಯವಾದ್ದರಿಂದ ಸದ್ದಿಲ್ಲದೆ, ಸೆರಗನ್ನು ಬಾಯಿಗೆ ಒತ್ತಿಕೊಂಡು, ಭುಜ ಕುಲುಕಿಸುತ್ತಾ. ಸಭಾಂಗಣದ ದಿನದಿಂದ ನಾನು ಕಾಣದ ನಗು. ಗ್ರಂಥಪಾಲಕಿ ತಲೆ ಎತ್ತಿ ನೋಡಿದರು. ಕಣ್ಣು ಒರೆಸಿಕೊಂಡು ಅವಳು ಕೋಷ್ಟಕವನ್ನು ತನ್ನ ಪುಸ್ತಕಕ್ಕೆ ನಕಲು ಮಾಡತೊಡಗಿದಳು. ಹತ್ತು ನಿಮಿಷದಲ್ಲಿ ಮುಗಿಯಿತು.

ಆ ಹತ್ತು ನಿಮಿಷದಲ್ಲಿ ನನಗೆ ಬೇರೆ ಕೆಲಸವಿರಲಿಲ್ಲ. ಚೀಲದಿಂದ ಕೆಂಪು ಪೆನ್ನು ತೆಗೆದು, ಅವಳು ಬರೆಯುತ್ತಿದ್ದ ಅಂಕಿಗಳನ್ನು ನೋಡಿ ನನ್ನ ಪಟ್ಟಿಯನ್ನು ತಿದ್ದಿದೆ. ಅರ್ಧ ಅಂಶದಷ್ಟು ವ್ಯತ್ಯಾಸವಿದ್ದರೂ ಸರಿ ಎಂದು ಉದಾರವಾಗಿ ಗುರುತು ಹಾಕಿದೆ. ಸಕಲ ಸಾಮಗ್ರಿಗಳೊಂದಿಗೆ, ಉಸಿರು ಹಿಡಿದು, ಎರಡೂವರೆ ಗಂಟೆ ಕೂತ ಮೇಲೆ ನಲವತ್ತೆಂಟಕ್ಕೆ ಮೂವತ್ತಾರು. ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳನ್ನು ಮತ್ತೆ ಅದಲುಬದಲು ಮಾಡಿದ್ದೆ. ನನ್ನ ತರಗತಿಯ ಯಾವುದೇ ವಿದ್ಯಾರ್ಥಿ ಇಂಥ ಉತ್ತರ ಬರೆದರೆ ಕೆಳಗೆ 'ನಾಳೆ ಮನೆಯಿಂದ ಯಾರನ್ನಾದರೂ ಕರೆದುಕೊಂಡು ಬಾ' ಎಂದು ಬರೆಯುತ್ತೇನೆ. ನಾನು ಬರೆಯಲಿಲ್ಲ. ಬರೆಯುವ ಅಗತ್ಯವಿರಲಿಲ್ಲ. ಮನೆಯವರು ಎದುರಿಗೇ ಕೂತಿದ್ದರು.